ಮಂಗಳವಿಲ್ಲದ ಮೂರನೆಯ ಆಲ್ಬಮ್

"ಮಂಗಳಾರತಿ ಎಲ್ಲಿ ಹೋತು?"

ರುಕ್ಮಿಣಿಬಾಯಿ ಕೇಳಿದ್ದು ಯಾರನ್ನೂ ಅಲ್ಲ. ಬೀದರದ ಚಿದ್ರಿ ಬಡಾವಣೆಯ ಆ ಸಣ್ಣ ಮನೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಗೋಡೆಯ ಮೇಲಿನ ಅಪ್ಪನ ಫೋಟೋ, ಮತ್ತು ಆಗಷ್ಟೇ ಸುತ್ತುವುದನ್ನು ನಿಲ್ಲಿಸಿದ ಒಂದು ಸೀಡಿ.

ಹಾಡು ಮುಗಿದ ಮೇಲೂ ಅವಳು ಕಾದಳು. ಈಗಿನ ಹಾಡುಗಾರರು ಕೆಲವೊಮ್ಮೆ ಸುಮ್ಮನಿದ್ದು ಆಮೇಲೆ ಏನನ್ನೋ ಮುಚ್ಚಿಟ್ಟಿರುತ್ತಾರೆ ಎಂದು ಕೇಳಿದ್ದಳು. ಏನೂ ಬರಲಿಲ್ಲ. ಬಂದದ್ದು ಬೀದಿಯ ತಿರುವಿನಲ್ಲಿ ಟ್ಯಾಂಕರಿನ ಹಾರ್ನು, ಅದರ ಹಿಂದೆಯೇ ಕೊಡಗಳ ಗದ್ದಲ.

ಅವಳು ಏಳಲಿಲ್ಲ. ನೀರು ನಾಳೆಯಾದರೂ ಬಂದೀತು. ಈ ಪ್ರಶ್ನೆಗೆ ಭಾನುವಾರದ ತನಕ ಮಾತ್ರ ಸಮಯವಿತ್ತು. ಇವತ್ತು ಶುಕ್ರವಾರ.

ಗೋರಖನಾಥ ಕಾಣೆಯಾಗಿ ತಿಂಗಳಾಗಿತ್ತು. ಅವನ ಮೋಟರ್‌ಸೈಕಲ್ಲು ಕಾರಂಜಾ ಜಲಾಶಯದ ಬಿರುಕುಬಿಟ್ಟ ದಂಡೆಯ ಮೇಲೆ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಮುಳುಗಿದ ಎಂದರು. ಆ ಬೇಸಿಗೆ ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿತ್ತು, ಕಾರಂಜಾದ ತಳದಲ್ಲಿ ಕುರಿ ಅಡ್ಡಾಡುತ್ತಿದ್ದವು. ಆದರೂ ಮುಳುಗಿದ ಎಂದೇ ಎಲ್ಲರೂ ಒಪ್ಪಿಕೊಂಡರು.

ಒಪ್ಪದವಳು ಅವನ ತಾಯಿ ಭಾಗೀರಥಿಬಾಯಿ ಒಬ್ಬಳೇ. ಔರಾದ ತಾಲೂಕಿನ ಎಕಂಬಾದಿಂದ ಬಸ್ಸು ಹತ್ತಿ ಬಂದು, ಮಗನ ಮೂರೂ ಸೀಡಿಗಳನ್ನು ಬಿಳಿ ವಸ್ತ್ರದಲ್ಲಿ ಗಂಟು ಕಟ್ಟಿ ತಂದು, "ನನ್ನ ಮಗನ್ನ ಹುಡುಕಿ ಕೊಡು ತಂಗಿ," ಎಂದಿದ್ದಳು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು, ನಿವೃತ್ತಿಯ ಮೇಲೆ ಮದುವೆ ಗಂಡುಗಳ ನಡತೆ ವಿಚಾರಿಸಿ ಹೇಳುವ ಕೆಲಸ ಮಾಡಿಕೊಂಡಿದ್ದ ರುಕ್ಮಿಣಿಬಾಯಿಗೆ ಅಂಥ ಕೆಲಸ ಬಂದದ್ದು ಅದೇ ಮೊದಲು.

ಭಾನುವಾರ ಬೀದರದಲ್ಲಿ ಗೋರಖನಾಥನ ಶ್ರದ್ಧಾಂಜಲಿ ಸಭೆ. ದೊಡ್ಡ ವೇದಿಕೆ, ದೊಡ್ಡ ಸ್ಪೀಕರು. ಫೋಟೋಕ್ಕೆ ಒಮ್ಮೆ ಹಾರ ಬಿತ್ತೆಂದರೆ ಅವನು ಊರಿನ ಬಾಯಲ್ಲಿ ಸತ್ತಂತೆ. ಆಮೇಲೆ ಯಾರೂ ಹುಡುಕುವುದಿಲ್ಲ. ಸ್ಟೇಷನ್ನಿನಲ್ಲಿದ್ದ ಅವಳ ಹಳೆಯ ಜೊತೆಗಾರನೊಬ್ಬ ಅದನ್ನೇ ಹೇಳಿದ್ದ. "ಭಾನುವಾರ ಮುಗೀಲಿ ಬಾಯೀ, ನಾವೂ ಕೈ ತೊಳ್ಕೋತೀವಿ."

ಅವಳು ಮೂರೂ ಸೀಡಿಗಳನ್ನು ಸಾಲಾಗಿ ಇಟ್ಟಳು.

'ಒಂಟಿ ತಂತಿ'. 'ಹಗೇವು'. 'ಕದ ಹಾಕಿದ ಊರು'.

'ಕೋಟೆಮಣ್ಣು' ಎಂಬ ರಾಕ್ ಬ್ಯಾಂಡಿನ ಹೆಸರು ಕೇಳದ ಹುಡುಗರು ಆಗ ಬೆಂಗಳೂರಿನಲ್ಲೂ ಇರಲಿಲ್ಲ, ಪುಣೆಯಲ್ಲೂ ಇರಲಿಲ್ಲ. ಬಿದರಿ ಪಾತ್ರೆಗೆ ಕಪ್ಪು ಹತ್ತುವುದು ಬೀದರ ಕೋಟೆಯ ಮಣ್ಣಿನಿಂದ; ಆ ಮಣ್ಣಿನ ಹೆಸರಿಟ್ಟುಕೊಂಡ ಬ್ಯಾಂಡಿಗೆ ಗೋರಖನಾಥ ಕಂಠ. ಆ ಕಂಠ ಒಂದು ದಿನ ಬ್ಯಾಂಡು ಬಿಟ್ಟು ಹೊರಟಿತು. ಕಾರಣ ಎಲ್ಲರಿಗೂ ಗೊತ್ತಿತ್ತು. ಪುಣೆಯ ವೇದಿಕೆಯಲ್ಲಿ ಕೊನೆಯ ಹಾಡಾದ ಮೇಲೆ ಅವನು ಅಜ್ಜ ಪಂಢರಿಯ ಏಕತಾರಿ ಹಿಡಿದು ಮಂಗಳಾರತಿ ಪದ ಎತ್ತಿಕೊಂಡ. ಹಾಡಲು ಕುಳಿತವನು ಮಂಗಳ ಹಾಡದೆ ಏಳಬಾರದು ಎಂಬುದು ಅಜ್ಜನ ಭಜನಾ ಮಂಡಳಿಯ ಕಟ್ಟಳೆ. ಗಿಟಾರಿನ ಮಾಣಿಕ ಕಣ್ಸನ್ನೆ ಮಾಡಿದ, ಮೈಕು ಬಂದಾಯಿತು. ಗೋರಖನಾಥ ಮೈಕಿಲ್ಲದೆಯೇ ಪದ ಮುಗಿಸಿ, ಏಕತಾರಿಯನ್ನು ಹೆಗಲಿಗೇರಿಸಿ, ವೇದಿಕೆ ಇಳಿದು ಹೋದ. ಡ್ರಮ್ಸ್ ಬಾರಿಸುವ ಕಾಶೀರಾಮ ಕಡ್ಡಿಗಳನ್ನು ಸೊಂಟಕ್ಕೆ ಸಿಗಿಸಿಕೊಂಡು ಅವನ ಹಿಂದೆ ಇಳಿದ.

ಆಮೇಲೆ ಬಂದದ್ದೇ ಈ ಒಂಟಿ ಆಲ್ಬಮ್‌ಗಳು. ಮೊದಲ ಎರಡರಲ್ಲಿ ಗಿಟಾರಿನ ಅಬ್ಬರವೆಲ್ಲ ಮುಗಿದು, ಕಾಶೀರಾಮನ ಡ್ರಮ್ಸು ತಣ್ಣಗಾಗಿ, ಕೊನೆಗೆ ಬರೀ ಏಕತಾರಿ, ಬರೀ ಮಂಗಳಾರತಿ. ರಾಕ್ ಸಂಗೀತಕ್ಕೆ ಆರತಿ ತಟ್ಟೆ ಯಾಕೆ ಎಂದು ಪೇಟೆಯ ಪತ್ರಿಕೆಯವರು ನಕ್ಕಿದ್ದರು. ಅವನು ಬಿಟ್ಟಿರಲಿಲ್ಲ.

ಮಂಗಳಕ್ಕಾಗಿ ಬ್ಯಾಂಡನ್ನೇ ಬಿಟ್ಟವನು. ಅವನ ಮೂರನೆಯ ಆಲ್ಬಮ್ಮಿನಲ್ಲಿ ಮಂಗಳವೇ ಇಲ್ಲ.

ಅವನು ಬಿಟ್ಟಿರಲಾರ. ಯಾರೋ ಕತ್ತರಿಸಿದ್ದಾರೆ. ಹಿಂದೆ ಒಮ್ಮೆ ಕತ್ತರಿಸಿದವನು ಯಾರು?

ಸೀಡಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಹೊರತಂದವನ ಹೆಸರಿತ್ತು. ಮಾಣಿಕ.

ರುಕ್ಮಿಣಿಬಾಯಿ ಛತ್ರಿ ತೆಗೆದುಕೊಂಡು ಸ್ಕೂಟಿ ಹೊರಗೆಳೆದಳು.

*

ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಬಂದಾದ ಬೇಳೆ ಮಿಲ್ಲಿನ ಗೋದಾಮೇ ಮಾಣಿಕನ ಸ್ಟುಡಿಯೋ. ಎರಡು ವರ್ಷದಿಂದ ತೊಗರಿ ಇಲ್ಲದೆ ಮಿಲ್ಲಿನ ಯಂತ್ರ ಧೂಳು ಹಿಡಿದಿತ್ತು. ಒಳಗೆ ಗೋಡೆಗೆಲ್ಲ ಹಳೆಯ ಗಾದಿ, ಅದರ ಮೇಲೆ ಗೋಣಿತಟ್ಟು. ಮಾತಾಡಿದರೆ ದನಿ ಗೋಡೆಯೊಳಗೆ ಇಂಗಿಹೋಗುತ್ತಿತ್ತು.

"ಬರ್ರಿ ಬರ್ರಿ ಬಾಯೀ," ಎಂದ ಮಾಣಿಕ. ನಲವತ್ತರ ಗಂಡಸು, ಹಿಂದಕ್ಕೆ ಕಟ್ಟಿದ ಜುಟ್ಟು, ನಿದ್ದೆಗೆಟ್ಟ ಕಣ್ಣು. "ರಿಟೈರ್ ಆದ ಮ್ಯಾಲೂ ಲಾಠಿ ಬಿಟ್ಟಿಲ್ಲೇನ್ರಿ?"

"ಇದು ಛತ್ರಿ."

"ಈ ವರ್ಷ ಛತ್ರಿನೂ ಲಾಠಿನೇ ನೋಡ್ರಿ. ಮಳಿಗಂತೂ ಅದರ ಕೆಲಸ ಇಲ್ಲ."

ಅವನ ಹಿಂದೆ ಆಳೆತ್ತರದ ಫ್ಲೆಕ್ಸು ಗೋಡೆಗೆ ಒರಗಿತ್ತು. ಕಣ್ಣು ಮುಚ್ಚಿ ಹಾಡುತ್ತಿರುವ ಗೋರಖನಾಥ. ಕೆಳಗೆ ಹುಟ್ಟಿದ ವರ್ಷ, ಒಂದು ಗೀಟು, ಆಮೇಲೆ ಈ ವರ್ಷ.

"ಹೆಣ ಸಿಕ್ಕಿಲ್ಲ. ಇಸವಿ ಮಾತ್ರ ಸಿಕ್ತೇನು ನಿನಗ?"

"ಬಾಯೀ, ನೀವು ಜಗಳಕ್ಕ ಬಂದೀರೋ ಚಾಕ್ಕ ಬಂದೀರೋ?"

"ಮೊದಲ ಜಗಳ. ಉಳದ್ರ ಚಾ." ಅವಳು ಎಳೆದುಕೊಂಡ ಸ್ಟೂಲಿನ ಮೇಲೆ ಕುಳಿತಳು. "ಮೂರನೇ ಆಲ್ಬಮ್ ಎಲ್ಲಿ ರೆಕಾರ್ಡ್ ಆತು?"

"ಇಲ್ಲೇರಿ. ಆ ಗಾಜಿನ ಖೋಲಿಯಾಗ. ಅವ ಒಬ್ಬನೇ."

"ಜಗಳಾಡಿ ಹೋದವ ಮತ್ತ ನಿನ್ನ ಗೋದಾಮಿಗೇ ಬಂದ?"

"ಹಳೇ ದೋಸ್ತರು. ಸಿಟ್ಟು ಎಷ್ಟ ದಿನ ಇರ್ತದ್ರಿ?"

"ಆರನೇ ಹಾಡಿನಾಗ ಹಿಮ್ಮೇಳದಾಗ ಸೊಲ್ಲು ಎತ್ತಿಕೊಳ್ಳಾವ್ರು ಯಾರು? ನಾಲ್ಕೈದು ಜನರ ದನಿ ಅದ."

"ಎಲ್ಲಾ ಅವಂದೇ ದನಿ. ಒಂದರ ಮ್ಯಾಲ ಒಂದು ಹಚ್ಚೀವಿ. ಅದು ಮಷಿನ್ ಕೆಲಸರಿ, ನಿಮಗ ಗೊತ್ತಾಗಂಗಿಲ್ಲ."

"ಗೊತ್ತಾಗಂಗಿಲ್ಲ, ಖರೇ. ಆದರ ಗೋರಖನಾಥಗ ಹೆಂಗಸಿನ ದನಿ ಎಂದಿನಿಂದ ಬಂತು?"

ಮಾಣಿಕ ಜೇಬಿನಿಂದ ಗುಟ್ಕಾ ಚೀಟಿ ತೆಗೆದ, ಹರಿಯದೆ ಮತ್ತೆ ಒಳಗಿಟ್ಟ.

"ಹೈದರಾಬಾದಿನ ಒಬ್ಬಾಕಿ ಹುಡುಗಿ," ಎಂದ ಆಮೇಲೆ.

"ಮುದುಕಿ ದನಿ ಅದು ಮಾಣಿಕ. ಹಲ್ಲಿಲ್ಲದ ಬಾಯಿ. ಎಲ್ಲರೂ ನಿಂತ ಮ್ಯಾಲ ಆಕಿ ನಿಲ್ತಾಳ." ಅವಳು ಛತ್ರಿಯ ತುದಿಯನ್ನು ನೆಲಕ್ಕೆ ಊರಿದಳು. "ನಾ ಹೇಳ್ಲಿ? ಇದು ಇಲ್ಲಿ ಆದದ್ದಲ್ಲ. ಅವ ಊರಾಗ ಹಾಡ್ಯಾನ. ನಿನ್ನ ಕೈಗಿ ಬಂದದ. ಕೊನೀಗಿ ಮಂಗಳ ಇತ್ತು. ಪುಣೇದಾಗ ಮೈಕ್ ಬಂದ್ ಮಾಡ್ದಿ, ಈ ಸಲ ಕತ್ತರಿ ಹಚ್ಚಿದಿ. ಯಾಕಂದ್ರ ಆ ಮಂಗಳದಾಗ ಏನೋ ಅದ. ನೀ ಜನರಿಗಿ ಕೇಳಿಸ್ಬಾರದು ಅನ್ನುವಂಥಾದ್ದು ಏನೋ ಅದ."

ಮಾಣಿಕ ನಗುತ್ತಾನೆ ಎಂದುಕೊಂಡಿದ್ದಳು. ಅಥವಾ ಕೂಗಾಡುತ್ತಾನೆ. ಅವನು ಎರಡನ್ನೂ ಮಾಡಲಿಲ್ಲ. ಮೆತ್ತಗೆ ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕುಳಿತು, ದೊಡ್ಡ ಹೆಡ್‌ಫೋನನ್ನು ಅವಳತ್ತ ಚಾಚಿದ.

"ಅವ ಕೊಟ್ಟದ್ದು ಹ್ಯಾಂಗದನೋ ಹಂಗೇ ಅದ. ಗಿಟಾರು ನಾ ಆಮ್ಯಾಲ ಹೊದಿಸೀನಿ. ಇದರಾಗ ಅದೂ ಇಲ್ಲ, ಸೀಡಿಗಿ ಹಾಕದ ಹಾಡಾದ ಮ್ಯಾಲಿನ ಸದ್ದೂ ಅದ. ಕೇಳ್ರಿ. ಕತ್ತರಿ ಎಲ್ಲಿ ಬಿದ್ದದ ತೋರಿಸ್ರಿ."

ಅವಳು ಕೇಳಿದಳು.

ಗಿಟಾರಿನ ಹೊದಿಕೆ ಸರಿದ ಮೇಲೆ ಹಾಡು ಬೇರೆಯೇ ಆಗಿತ್ತು. ಬರೀ ಏಕತಾರಿ, ತಾಳ, ಗೋರಖನಾಥನ ಒಡೆದ ದನಿ. ಕೊನೆಯ ಸೊಲ್ಲನ್ನು ನಾಲ್ಕೈದು ಜನ ಎತ್ತಿಕೊಂಡರು, ಬಿಟ್ಟರು. ಮುದುಕಿ ಒಂದು ಗಳಿಗೆ ತಡವಾಗಿ ಬಿಟ್ಟಳು. ಏಕತಾರಿ ಗುಂಯ್‌ಗುಟ್ಟಿ ತಾನಾಗಿ ಆರಿತು.

ಆಮೇಲೆ ಯಾರೂ ಮಾತಾಡಲಿಲ್ಲ. ಉಸಿರಾಟ ಕೇಳುತ್ತಿತ್ತು. ಯಾರೋ ಬಿಕ್ಕನ್ನು ನುಂಗಿಕೊಂಡರು. ಒಬ್ಬರು ಎದ್ದ ಸದ್ದು. ಕಟ್ಟಿಗೆಯ ಕದಕ್ಕೆ ಕಬ್ಬಿಣದ ಸರಪಳಿ ಕೊಂಡಿ ಹಾಕುವ ಸದ್ದು. ಕೊಂಡಿ ಒಮ್ಮೆ ಜಾರಿತು, ಕದಕ್ಕೆ ಬಡಿಯಿತು, ಮತ್ತೊಮ್ಮೆ ಹಾಕಿದ ಮೇಲೆ ಕಚ್ಚಿಕೊಂಡಿತು. ದೂರದಲ್ಲಿ ನಾಯಿ. ಅಷ್ಟೇ.

ಅವಳು ಹೆಡ್‌ಫೋನು ಇಳಿಸಿದಳು.

ಹಾಡಿಗೆ ಕತ್ತರಿ ಎಲ್ಲೂ ಬಿದ್ದಿರಲಿಲ್ಲ. ಅವಳು ಹೇಳಿದ್ದು ಸುಳ್ಳಾಗಿತ್ತು. ಮಂಗಳವನ್ನು ಯಾರೂ ತೆಗೆದುಹಾಕಿರಲಿಲ್ಲ. ಯಾರೂ ಹಾಡಿಯೇ ಇರಲಿಲ್ಲ.

"ಈಗ ಹೇಳ್ರಿ," ಎಂದ ಮಾಣಿಕ. "ಪುಣೇದ ತಪ್ಪು ನಂದು. ಅದಕ್ಕ ನಾ ಇವತ್ತಿಗೂ ಮಾರಿ ತೋರಸಲಾರ್ದೆ ಅಡ್ಡಾಡ್ತೇನಿ. ಇದು ನಂದಲ್ಲ."

ರುಕ್ಮಿಣಿಬಾಯಿ ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು. ಅವಳ ಕಿವಿಯೊಳಗೆ ಆ ಸದ್ದಿಲ್ಲದ ಗಳಿಗೆ ಇನ್ನೂ ನಡೆದೇ ಇತ್ತು. ಅಂಥದ್ದನ್ನು ಅವಳು ಮೊದಲು ಎಲ್ಲೋ ಕೇಳಿದ್ದಳು.

ಅಪ್ಪ ಮಡೆಪ್ಪನ ಮಗ್ಗುಲಲ್ಲಿ. ಅಪ್ಪನ ಭಜನಾ ಮಂಡಳಿಗೆ ಜಾತಿಯ ಗೋಡೆ ಇರಲಿಲ್ಲ. ಎಕಂಬಾದ ಪಂಢರಿ ಏಕತಾರಿ ಹಿಡಿದರೆ ಅಪ್ಪ ತಾಳ ಹಿಡಿಯುತ್ತಿದ್ದ. ಎಲ್ಲಿ ಹಾಡಿದರೂ ಕೊನೆಗೆ ಮಂಗಳ. ಹೊಲದಲ್ಲಿ ಹಾಡಲಿ, ಮದುವೆಯಲ್ಲಿ ಹಾಡಲಿ, ಮಠದಲ್ಲಿ ಹಾಡಲಿ. ಒಂದು ಕಡೆ ಮಾತ್ರ ಇಲ್ಲ. ಆ ಒಂದು ಮನೆಯಿಂದ ಎದ್ದು ಬರುವಾಗ ಪಂಢರಿ ಏಕತಾರಿಯ ತಂತಿ ಸಡಿಲಿಸುತ್ತಿದ್ದ. ಯಾಕಪ್ಪಾ ಎಂದು ಕೇಳಿದ್ದಕ್ಕೆ ಅಪ್ಪ ತುಟಿಗೆ ಬೆರಳಿಟ್ಟಿದ್ದ.

ಸಾವಿನ ಮನೆ.

ಹೆಣ ಮುಂದಿದ್ದಾಗ ಬೆಳಗಿನ ತನಕ ಪದ ಹಾಡುತ್ತಾರೆ, ಮಂಗಳ ಹಾಡುವುದಿಲ್ಲ. ಸತ್ತವನಿಗೆ ಮಣ್ಣು ಕೊಟ್ಟ ಮೇಲೆ ಹಾಡಿದವರೇ ಅದೇ ಮನೆಗೆ ಬಂದು, ತಂತಿ ಬಿಗಿದು, ಮಂಗಳ ಹಾಡಿ ಮುಗಿಸುತ್ತಾರೆ. ಅಲ್ಲಿಯ ತನಕ ಆ ಏಕತಾರಿ ಮತ್ತೆಲ್ಲೂ ನುಡಿಯಬಾರದು.

ದೇಶವೆಲ್ಲ ಮೊಬೈಲಿನಲ್ಲಿ ಹಾಕಿಕೊಂಡು ಕೇಳುತ್ತಿದ್ದ ಈ ಆಲ್ಬಮ್ಮು ಯಾವುದೋ ಹೆಣದ ಮುಂದೆ ಹಾಡಿದ ಭಜನೆ.



"ಇದನ್ನ ನಿನಗ ಕೊಡುವಾಗ ಅವ ಏನಂದ?"

"ಮೋಟರ್‌ಸೈಕಲ್ ಸಿಕ್ಕ ಹಿಂದಿನ ಸಂಜೀಕ ಗೇಟಿನ ತನಕ ಬಂದ. ಒಳಗ ಬಾ ಅಂದ್ರ ಬರ್ಲಿಲ್ಲ. ಅವ ಯಾವಾಗ್ಲೂ ಒಂದು ಸಣ್ಣ ರೆಕಾರ್ಡರ್ ಇಟ್ಕೊಂಡಿರ್ತಿದ್ದ, ಅದನ್ನೇ ಕೈಯಾಗ ಇಟ್ಟ. 'ಒಂದು ಸಾಲೂ ಕತ್ತರಿಸಬ್ಯಾಡ, ಒಂದು ಸಾಲೂ ಕೂಡಿಸಬ್ಯಾಡ. ಕೇಳಾವ್ರು ಕೇಳ್ತಾರ' ಅಂದ." ಮಾಣಿಕ ಜುಟ್ಟು ಬಿಚ್ಚಿ ಮತ್ತೆ ಕಟ್ಟಿಕೊಂಡ. "ಸ್ಟುಡಿಯೋದಾಗ ಆದದ್ದು ಅಂತ ಸುಳ್ಳ ಹೇಳೀನಿ, ಖರೇ. ಊರಾಗಿನ ರೆಕಾರ್ಡಿಂಗ್ ಅಂದ್ರ ಕೊಳ್ಳಾವ್ರು ಮೂಗು ಮುರೀತಾರ."

"ಇದರಾಗ ಡ್ರಮ್ಸ್ ಯಾಕಿಲ್ಲ?"

"ಪೇಪರ್ ಓದಿಲ್ಲೇನ್ರಿ? ಡ್ರಮ್ಸ್ ಇಲ್ಲದ ರಾಕ್, ಎಂಥಾ ಧೈರ್ಯ, ಎಂಥಾ ಪ್ರಯೋಗ ಅಂತ ಕಾಲಂ ಗಟ್ಟಲೆ ಬರದಾರ." ಅವನು ಮೊದಲ ಸಲ ನಕ್ಕ, ಕಹಿ ನಗು. "ಪ್ರಯೋಗ ಎಲ್ಲಿದ್ರಿ. ಕಾಶೀರಾಮ ಇರ್ಲಿಲ್ಲ, ಅಷ್ಟೇ. ಗುಳೆ ಹೋಗ್ಯಾನ."

"ಯಾರು ಹೇಳಿದ್ರು?"

"ಯಾರರೆ ಹೇಳ್ಬೇಕೇನ್ರಿ? ಮನಿಗಿ ಕೀಲಿ ಬಿದ್ದದ. ಅರ್ಧ ಭಾಲ್ಕಿಗಿ ಕೀಲಿ ಬಿದ್ದದ."

ಅವಳು ಎದ್ದಳು. ಫ್ಲೆಕ್ಸಿನ ಮುಂದೆ ನಿಂತು, ಗೀಟಿನ ಆಚೆಗಿನ ಇಸವಿಯ ಮೇಲೆ ಛತ್ರಿಯ ತುದಿ ಇಟ್ಟಳು.

"ಭಾನುವಾರದ್ದು ಮುಂದಕ್ಕ ಹಾಕು ಮಾಣಿಕ. ಅವ ಸತ್ತಿಲ್ಲ. ಯಾವುದೋ ಹೆಣದ ಮುಂದ ಕುಂತು ಹಾಡಿದವ ಅವ. ಹೆಣ ಬ್ಯಾರೆಯವಂದು."

"ನಾ ಮುಂದಕ್ಕ ಹಾಕಲಾ?" ಮಾಣಿಕ ಅವಳನ್ನು ವಿಚಿತ್ರವಾಗಿ ನೋಡಿದ. "ಬಾಯೀ, ಈ ಶ್ರದ್ಧಾಂಜಲಿ ನನ್ನ ತಲಿಯಾಗಿನ ವಿಚಾರ ಅಂತ ತಿಳದೀರೇನು? ಅವರವ್ವನೇ ಫೋನ್ ಮಾಡಿದ್ದು. 'ಲಗೂನ ಮಾಡು, ದೊಡ್ಡದು ಮಾಡು, ಊರಿಗೆಲ್ಲಾ ಗೊತ್ತಾಗಲಿ' ಅಂತ."

"ಭಾಗೀರಥಿಬಾಯಿ?"

"ಅವನಿಗಿ ಎಷ್ಟ ಮಂದಿ ಅವ್ವಂದ್ರು ಇದ್ದಾರ್ರಿ?"

ಚಹ ಉಳಿದೇ ಹೋಯಿತು.

*

ಭಾಲ್ಕಿ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಮಧ್ಯಾಹ್ನದ ಬಿಸಿಲು ಒಂದು ನಾಯಿಯನ್ನೂ ಹೊರಗೆ ಬಿಟ್ಟಿರಲಿಲ್ಲ. ಬಾಗಿಲಿನಿಂದ ಬಾಗಿಲಿಗೆ ಕೀಲಿ. ಪ್ರತಿ ಕೀಲಿಯ ಕೆಳಗೆ, ಹೊಸ್ತಿಲ ಪಕ್ಕದಲ್ಲಿ, ಬೋರಲು ಹಾಕಿದ ಕೊಡಗಳು.

ಆ ವರ್ಷಗಳಲ್ಲಿ ಅದು ಓಣಿಯ ರೂಢಿಯಾಗಿತ್ತು. ಹೈದರಾಬಾದಿಗೋ ಪುಣೆಗೋ ಕೂಲಿಗೆ ಹೊರಟವರು ಮನೆಯಲ್ಲಿ ಉಳಿದ ನೀರನ್ನು ನೆರೆಯವರ ಕೊಡಕ್ಕೆ ಸುರಿದು, ತಮ್ಮ ಕೊಡವನ್ನು ಹೊಸ್ತಿಲಿಗೆ ಬೋರಲು ಹಾಕಿ ಹೋಗುತ್ತಿದ್ದರು. ಬಂಗಾರ ಬಿಟ್ಟು ಹೋದಾರು. ನೀರು ಬಿಟ್ಟು ಯಾರೂ ಹೋಗುತ್ತಿರಲಿಲ್ಲ.

ಕಾಶೀರಾಮನ ಹೊಸ್ತಿಲು ಬರಿದಾಗಿತ್ತು.

ಎದುರಿಗೆ ಪಂಕ್ಚರ್ ಅಂಗಡಿಯ ಗೌಸೋದ್ದೀನ ತಟ್ಟಿನ ನೆರಳಲ್ಲಿ ಟ್ಯೂಬಿಗೆ ಪಟ್ಟಿ ಹಚ್ಚುತ್ತ ಕುಳಿತಿದ್ದ. ಅವಳನ್ನು ಕಂಡು ಮಣೆ ಸರಿಸಿದ.

"ಕಾಶೀರಾಮ ಇಲ್ರಿ ಬಾಯೀ. ಗುಳೆ ಹೋಗಿ ತಿಂಗಳ ಮ್ಯಾಲಾತು."

"ನಿಮಗ ಹೇಳಿ ಹೋದನೇನ್ರಿ?"

"ಅದೇ ನನಗೂ ಬ್ಯಾಸರ ನೋಡ್ರಿ. ಬಚಪನ್ ಕಾ ದೋಸ್ತ. ಒಂಟಿ ಮನುಷ್ಯ, ನಮ್ಮ ಮನ್ಯಾಗೇ ಎಷ್ಟೋ ಸಲ ರೊಟ್ಟಿ ತಿಂದಾನ. ಹೇಳದೇ ಹೋಗಿಬಿಟ್ಟ. ಹಿಂದಿನ ದಿನ ಟ್ಯಾಂಕರ್ ಬಂದಾಗ ಅವನ ಜೋಡಕೊಡ ನಾನೇ ಸೈಕಲಿಗಿ ಕಟ್ಟಿ ಕೊಟ್ಟೀನಿ. ಮುಂಜಾನಿ ನೋಡ್ತೇನಿ, ಕೀಲಿ."

"ಈ ಕೀಲಿ ಅವಂದೇ ಏನ್ರಿ?"

ಗೌಸೋದ್ದೀನ ಟ್ಯೂಬು ಕೆಳಗಿಟ್ಟ. ಕೀಲಿಯನ್ನು ಅವತ್ತೇ ಮೊದಲು ಕಂಡವನಂತೆ ನೋಡಿದ.

"ಅವನ ಮನಿಗಿ ಕೀಲಿ ಎಲ್ಲಿತ್ರಿ?" ಎಂದ ನಿಧಾನವಾಗಿ. "ಚಿಲಕಕ್ಕ ಡ್ರಮ್ಸಿನ ಕಡ್ಡಿ ಸಿಗಿಸಿ ಹೋಗ್ತಿದ್ದ. ನನ್ನ ಮನ್ಯಾಗ ಕದಿಯಾಕ ಇರೋದು ನನ್ನ ಬಡತನ ಒಂದೇ, ಒಯ್ದರ ಒಯ್ಲಿ ಅಂತಿದ್ದ."

"ಕಿಟಕಿಯಿಂದ ನೋಡಿಲ್ಲ ನೀವು?"

"ಮಂದಿ ಇಲ್ಲದ ಮನಿ ಇಣುಕೋದು ಸರಿ ಅಲ್ರಿ."

"ಇವತ್ತೊಂದಿನ ಇಣುಕ್ರಿ. ಪಾಪ ನನಗಿರ್ಲಿ."

ಇಬ್ಬರೂ ಕಿಟಕಿಯ ಸರಳಿಗೆ ಮುಖ ಹಚ್ಚಿದರು. ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ತುಸು ಹೊತ್ತು ಬೇಕಾಯಿತು. ಗೂಟಕ್ಕೆ ಅಂಗಿ. ಮೂಲೆಯಲ್ಲಿ ಡ್ರಮ್ಸು, ಮೇಲೆ ದುಪ್ಪಟಿ ಹೊದಿಸಿದ್ದು. ಒಲೆಯ ಮಗ್ಗುಲಿಗೆ ಎರಡು ಸ್ಟೀಲಿನ ಕೊಡ. ಒಂದರ ಮುಚ್ಚಳ ಸರಿದಿತ್ತು. ನೀರು ನಾಲ್ಕು ಬೆರಳು ಇಳಿದು, ಮೇಲೆ ಧೂಳಿನ ಕೆನೆ ಕಟ್ಟಿ, ಸತ್ತ ಹುಳ ತೇಲುತ್ತಿದ್ದವು.

"ಯಾ ಅಲ್ಲಾ," ಎಂದ ಗೌಸೋದ್ದೀನ. ಅವನ ಕೈ ಸರಳನ್ನು ಬಿಗಿಹಿಡಿಯಿತು. "ನೀರ ಬಿಟ್ಟು ಹೋಗ್ಯಾನ?"

"ಹೋಗಿಲ್ಲ," ಎಂದಳು ರುಕ್ಮಿಣಿಬಾಯಿ.

ಬೇರೆ ಯಾವ ವರ್ಷವಾದರೂ ಡ್ರಮ್ಸು ಬಾರಿಸುವ ಗಂಡಸೊಬ್ಬ ಒಮ್ಮೆಲೇ ಕಾಣದಾದರೆ ಓಣಿ ಕೇಳುತ್ತಿತ್ತು, ಹುಡುಕುತ್ತಿತ್ತು. ಈ ವರ್ಷ ಒಂದು ಕೀಲಿ ಸಾಕಾಯಿತು. ಊರಿಗೆ ಊರೇ ಕೀಲಿ ಹಾಕಿದಾಗ ಒಂದು ಕೀಲಿಯನ್ನು ಯಾರು ಅನುಮಾನಿಸುತ್ತಾರೆ? ಹಾಕಿದವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಕೊಡ ಬೋರಲು ಹಾಕುವುದನ್ನು ಮಾತ್ರ ಅವನು ಮರೆತಿದ್ದ.

ಮರೆತನೋ, ಮರೆತಳೋ.

*

ಔರಾದ ದಾಟಿ ಎಕಂಬಾ ತಲುಪುವಾಗ ಬಿಸಿಲು ಇಳಿಯತೊಡಗಿತ್ತು. ಎರಡೂ ಕಡೆ ಕರಿಯ ಹೊಲ ಅಂಗೈ ಹೋಗುವಷ್ಟು ಸೀಳು ಬಿಟ್ಟಿತ್ತು.

ಭಾಗೀರಥಿಬಾಯಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಎತ್ತರದ ಒಣಕಲು ಹೆಂಗಸು. ಬಾಯಲ್ಲಿ ಹಲ್ಲು ಉಳಿದಿರಲಿಲ್ಲ.

"ಬಾ ತಂಗಿ. ಫೋನರೆ ಮಾಡಬಾರ್ದ? ನನ್ನ ಮಗನ ಸುದ್ದಿ ಏನರೆ ಸಿಕ್ತಾ?"

"ಸಿಗ್ತದ ಯಕ್ಕಾ. ಜರಾ ಕುಂಡ್ರತೇನಿ."

"ನೀರ ತರ್ತೀನಿ, ತಡಿ."

ಮುದುಕಿ ಒಳಕೋಣೆಗೆ ಹೋದಳು. ರುಕ್ಮಿಣಿಬಾಯಿ ಕಣ್ಣೆತ್ತಿ ಗೋಡೆ ನೋಡಿದಳು. ಗೂಟದಲ್ಲಿ ಏಕತಾರಿ ತೂಗುತ್ತಿತ್ತು. ಕಪ್ಪಾದ ಸೋರೆಬುರುಡೆ, ಪಂಢರಿಯ ಬೆವರು ಕುಡಿದು ಹೊಳಪೇರಿದ ಕೋಲು; ಗುರುತು ತಪ್ಪುವಂತಿರಲಿಲ್ಲ. ಅವಳು ಬೆರಳು ಚಾಚಿ ತಂತಿ ಮುಟ್ಟಿದಳು. ಅದು ನುಡಿಯಲಿಲ್ಲ. ಸತ್ತ ಬಳ್ಳಿಯ ಹಾಗೆ ಬೆರಳಿನ ಜೊತೆಗೇ ಬಾಗಿತು.

ಸಡಿಲಿಸಿದ ತಂತಿ.

ಹಿಂದೆ ಕದದ ಸದ್ದಾಯಿತು. ಭಾಗೀರಥಿಬಾಯಿ ಅರ್ಧ ಲೋಟ ನೀರು ಹಿಡಿದು ಹೊರಬಂದು ಒಳಕೋಣೆಯ ಕದ ಎಳೆದುಕೊಂಡಳು, ಸರಪಳಿ ಕೊಂಡಿ ಹಾಕಿದಳು. ಕೊಂಡಿ ಜಾರಿತು. ಕದಕ್ಕೆ ಬಡಿಯಿತು. ಮತ್ತೊಮ್ಮೆ ಹಾಕಿದ ಮೇಲೆ ಕಚ್ಚಿಕೊಂಡಿತು.

ರುಕ್ಮಿಣಿಬಾಯಿ ಲೋಟ ತೆಗೆದುಕೊಂಡಳು. ಒಂದು ಹನಿಯೂ ಚೆಲ್ಲದಂತೆ ನೆಲಕ್ಕಿಟ್ಟಳು.

"ಯಕ್ಕಾ, ಕಾಶೀರಾಮ ಎಲ್ಲಿ?"

ಮೊರ ನಿಂತಿತು. "ಗುಳೆ ಹೋಗ್ಯಾನಂತ."

"ಎರಡು ತುಂಬಿದ ಕೊಡ ಬಿಟ್ಟು?"

ಮೊರ ಮತ್ತೆ ಅಲುಗಿತು. ಹರಳು ಒಂದು ಕಡೆಗೆ, ಜೋಳ ಒಂದು ಕಡೆಗೆ ಸರಿಯಬೇಕು. ಎರಡೂ ಕೂಡಿಯೇ ಕುಣಿಯುತ್ತಿದ್ದವು.

"ನಿಮ್ಮ ಮಗನ ಮೂರನೇ ಆಲ್ಬಮ್ ನೀವೇ ಗಂಟು ಕಟ್ಟಿ ತಂದು ಕೊಟ್ರಿ. ಅದರಾಗ ಸೊಲ್ಲು ಎತ್ತಿಕೊಳ್ಳಾಕಿ ನೀವು. ಎಲ್ಲರೂ ಬಿಟ್ಟ ಮ್ಯಾಲ ನೀವು ಬಿಡ್ತೀರಿ. ಮಾಣಿಕನ ಕಡಿ ಇರೋ ಮೂಲ ರೆಕಾರ್ಡಿನಾಗ ಕೊನೀಗಿ ಈ ಕದದ ಕೊಂಡಿ ಬೀಳ್ತದ. ಇಡೀ ರಾತ್ರಿ ಇದೇ ಮನ್ಯಾಗ ಸಾವಿನ ಭಜನಿ ಆಗ್ಯದ, ನಿಮ್ಮ ಮಗ ಮುಂದ ಕುಂತು ಹಾಡ್ಯಾನ. ಆದ್ರ ನಿಮ್ಮ ಮಗ ಕಾಣೆಯಾದ ವಾರ ಈ ಊರಾಗ ಯಾರೂ ಸತ್ತಿಲ್ಲ. ದಾರ್ಯಾಗ ಕೇಳ್ಕೋತ ಬಂದೀನಿ."

"ಬಾಳ ಮಾತ ಆದ್ವು ತಂಗಿ."

"ಶ್ರದ್ಧಾಂಜಲಿ ಮಾಡು ಅಂದವ್ರು ನೀವು. ಜಗತ್ತಿನ ಕಣ್ಣಾಗ ಮಗ ಸತ್ತರ ಅವನ್ನ ಯಾರೂ ಹುಡುಕಂಗಿಲ್ಲ. ಆದರ ಹುಡುಕದ ತಾಯಿ ಮ್ಯಾಲ ಮಂದಿಗಿ ಸಂಶಯ ಬರ್ತದ. ಅದಕ್ಕ ನನ್ನ ಕಡಿ ಬಂದ್ರಿ. ಮದುವಿ ಗಂಡು ನೋಡೋ ಮುದುಕಿ, ಏನ ಹುಡುಕ್ತಾಳ ಅಂತ. ಹೌದಲ್ರಿ?"

ಭಾಗೀರಥಿಬಾಯಿ ಮೊದಲ ಸಲ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಆ ನೋಟದಲ್ಲಿ ಅಂಜಿಕೆ ಇರಲಿಲ್ಲ. ಅದಕ್ಕೇ ರುಕ್ಮಿಣಿಬಾಯಿಗೆ ಅಂಜಿಕೆಯಾಯಿತು.

"ಮಡೆಪ್ಪನ ಮಗಳು ಅಂತ ಬಂದೆ," ಎಂದಳು ಮುದುಕಿ. "ಮಡೆಪ್ಪನ ಕಿವಿ ನಿನಗೂ ಬಂದಿರ್ತದ ಅಂತ ತಿಳೀಲಿಲ್ಲ."

ಒಳಕೋಣೆಯಿಂದ ಕೆಮ್ಮು ಕೇಳಿತು. ಒಂದೇ ಒಂದು, ಅದೂ ಅರ್ಧಕ್ಕೆ ನುಂಗಿದ್ದು.

ಇಬ್ಬರೂ ಆ ಕಡೆ ನೋಡಲಿಲ್ಲ.

ರುಕ್ಮಿಣಿಬಾಯಿ ಎದ್ದು ಹೋಗಿ ಗೂಟದಿಂದ ಏಕತಾರಿ ಇಳಿಸಿದಳು. ಎರಡೂ ಕೈಯಲ್ಲಿ ಹಿಡಿದು ತಂದು, ಹಣೆಗೆ ಮುಟ್ಟಿಸಿ, ಮೊರದ ಪಕ್ಕದಲ್ಲಿ ಇಟ್ಟಳು.

"ನಾ ಒಳಗಿನ ಕದ ತೆಗೀರಿ ಅನ್ನಂಗಿಲ್ಲ. ಯಾರು ಕೆಮ್ಮಿದ್ರು ಅಂತ ಕೇಳಂಗಿಲ್ಲ. ಒಂದೇ ಕೇಳ್ತೇನಿ. ಪಂಢರಿ ಅಜ್ಜನ ಮಂಡಳಿಯಾಗ ಕುಂತವ್ರು ಬಾಯಿಲೆ ಸಾವಿರ ಸುಳ್ಳ ಹೇಳಬಹುದು, ಮಂಗಳ ಸುಳ್ಳ ಹಾಡಂಗಿಲ್ಲ. ಕಾಶೀರಾಮಗ ಮಣ್ಣು ಸಿಕ್ಕಿದ್ರ ಈ ತಂತಿ ಬಿಗೀರಿ, ನನ್ನ ಮುಂದ ಮಂಗಳ ಹಾಡ್ರಿ. ಅವ ತನ್ನ ಸಾವು ಸತ್ತ, ಮರ್ಯಾದಿಲೆ ಮಣ್ಣಾದ ಅಂತ ನಂಬಿ ಇಲ್ಲಿಂದ ಎದ್ದು ಹೋಗ್ತೇನಿ. ಭಾನುವಾರ ನಿಮ್ಮ ಮಗನ ಫೋಟೋಕ್ಕ ನಾನೂ ಹೂ ಹಾಕ್ತೇನಿ. ಮತ್ತ ಈ ಊರಿಗಿ ಬರಂಗಿಲ್ಲ. ಹಾಡದಿದ್ರ, ಅವ ತನ್ನ ಸಾವು ಸತ್ತಿಲ್ಲ, ಮಣ್ಣೂ ಕಂಡಿಲ್ಲ ಅಂತ ತಿಳೀತೇನಿ."

ಭಾಗೀರಥಿಬಾಯಿ ಏಕತಾರಿಯ ಮೇಲೆ ಕೈಯಿಟ್ಟಳು. ಬೆರಳು ತಾನಾಗಿ ತಂತಿ ಬಿಗಿಯುವ ಕೀಲಿನ ತನಕ ಹೋಯಿತು. ಅಲ್ಲೇ ನಿಂತಿತು. ಒಳಗೆ ಯಾರೋ ಉಸಿರು ಬಿಗಿಹಿಡಿದು ಕೇಳುತ್ತಿರುವುದು ಕದದಾಚೆಯಿಂದಲೇ ತಿಳಿಯುತ್ತಿತ್ತು.

ಬೆರಳು ಹಿಂದೆ ಬಂತು.

"ಹಾಡಂಗಿಲ್ಲ," ಎಂದಳು ಭಾಗೀರಥಿಬಾಯಿ. "ನೀ ಕಾಲ ಹಿಡದ್ರೂ ಹಾಡಂಗಿಲ್ಲ."